ಮನೆಯ ಟಿ.ವಿ.ಗೆ ಎಷ್ಟು ವೇಗದ ಇಂಟರ್ನೆಟ್ ಸಾಕು?

(ಗೃಹಬಳಕೆಯ ಇಂಟರ್ನೆಟ್ ಕುರಿತು ಮಂಡ್ಯದಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಈ ಉಪನ್ಯಾಸಕ್ಕೆ ಆಹ್ವಾನಿಸಿದವರು ನನ್ನ ಮುಂದಿಟ್ಟ ಪ್ರಶ್ನೆ ನೇರವಾದದ್ದು: ಇಂಟರ್ನೆಟ್ ಮೂಲಕ ಸಿನಿಮಾ, ಕ್ರಿಕೆಟ್, ಧಾರಾವಾಹಿ ನೋಡುವ ಸಾಮಾನ್ಯ ಕುಟುಂಬವೊಂದಕ್ಕೆ ಎಷ್ಟು ವೇಗದ ಸಂಪರ್ಕ ಬೇಕು? ಪ್ರಶ್ನೆ ನೇರವಾಗಿರುವಾಗ ಉತ್ತರವನ್ನು ಕೊನೆಯವರೆಗೆ ಬಚ್ಚಿಡುವುದು ಸರಿಯಲ್ಲ. ನೆಟ್‌ಫ್ಲಿಕ್ಸ್ ತನ್ನ ಚಂದಾದಾರರಿಗೆ ಹೇಳುವ ಪ್ರಕಾರ 720 ಪಿ ಗುಣಮಟ್ಟದ (ಪಿ ಜೊತೆಗಿನ ಅಂಕಿ ದೊಡ್ಡದಾದಷ್ಟೂ ಚಿತ್ರ ಸ್ಫುಟ) ಚಿತ್ರಕ್ಕೆ 3 ಎಂಬಿಪಿಎಸ್ (ಇದು ವೇಗದ ಮಾನ, ಮುಂದೆ ವಿವರಿಸುತ್ತೇನೆ), 1080 ಪಿ ಅಂದರೆ ಪೂರ್ಣ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, ಅದಕ್ಕಿಂತಲೂ ಸ್ಫುಟವಾದ 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಇದ್ದರೆ ಸಾಕು. ಯೂಟ್ಯೂಬ್ 480 ಪಿಗೆ 1.1, 720 ಪಿಗೆ 2.5, 1080 ಪಿಗೆ 5 ಮತ್ತು 4ಕೆಗೆ 20 ಎಂಬಿಪಿಎಸ್ ಇರಲಿ ಎನ್ನುತ್ತದೆ. ನಮ್ಮ ಊರಿನಲ್ಲಿ ಈಗ ಫೈಬರ್ ಹಾಕಿಸಿಕೊಳ್ಳಲು ಹೊರಟವರಿಗೆ ತೋರಿಸುವ ಕೆಳಗಿನ ಹಂತದ ಪ್ಲಾನ್‌ಗಳೇ ಸಾಮಾನ್ಯವಾಗಿ 30 ಅಥವಾ 40 ಎಂಬಿಪಿಎಸ್‌ನವು. ಹೀಗಿದ್ದೂ 100, 200 ಎಂಬಿಪಿಎಸ್‌ಗೆ ಹಣ ಕಟ್ಟುವ ಮನೆಗಳಲ್ಲಿ ರಾತ್ರಿ ಒಂಬತ್ತು ಗಂಟೆಗೆ ಚಿತ್ರ ನಿಂತು, ಪರದೆಯ ನಡುವೆ ಚಕ್ರ ಸುತ್ತತೊಡಗುತ್ತದೆ. ಐದು ಸಾಕಾಗುವ ಕೆಲಸಕ್ಕೆ ನೂರು ಕೊಟ್ಟರೂ ಏಕೆ ಸಾಲುವುದಿಲ್ಲ ಎಂಬುದೇ ಇಂದಿನ ವಿಷಯ. ಬಹುತೇಕ ಮನೆಗಳಲ್ಲಿ ಕೊರತೆ ಇರುವುದು ಪ್ಲಾನಿನಲ್ಲಲ್ಲ, ಪ್ಲಾನಿನ ವೇಗ ಟಿ.ವಿ.ಯವರೆಗೆ ಎಡೆಬಿಡದೆ ತಲುಪುವುದರಲ್ಲಿ ಎಂಬುದು ನನ್ನ ವಾದ.

ಮೊದಲು ಅಳತೆಯ ಮಾನದ ವಿಚಾರ. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಲೆಕ್ಕ. ಫೋನಿನಲ್ಲಿ ಕಡತದ ಗಾತ್ರ ತೋರಿಸುವ ಎಂಬಿ, ಜಿಬಿಗಳು ಬೈಟ್‌ನ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಕಡತವೊಂದು ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿಯಷ್ಟು ಇಳಿಯುತ್ತದೆ. ಇದನ್ನು ನೋಡಿ ಕಂಪನಿಯವರು ಎಂಟರಲ್ಲಿ ಏಳು ಭಾಗ ನುಂಗಿಹಾಕಿದ್ದಾರೆ ಎಂದು ಜಗಳಕ್ಕೆ ಹೋಗುವವರಿದ್ದಾರೆ. ಆ ಒಂದು ಆರೋಪದ ಮಟ್ಟಿಗೆ ಕಂಪನಿಗಳು ನಿರಪರಾಧಿಗಳು. ಇದೇ ಲೆಕ್ಕವನ್ನು ಮುಂದುವರಿಸಿದರೆ 5 ಎಂಬಿಪಿಎಸ್‌ನಲ್ಲಿ ಒಂದು ಗಂಟೆ ಚಿತ್ರ ನೋಡಿದಾಗ ಸುಮಾರು 2.25 ಜಿಬಿ, 15 ಎಂಬಿಪಿಎಸ್‌ನಲ್ಲಿ ನೋಡಿದಾಗ ಸುಮಾರು 6.75 ಜಿಬಿ ಖರ್ಚಾಗುತ್ತದೆ. ಈ ಎರಡು ಅಂಕಿಗಳು ಮುಂದೆಯೂ ಬೇಕಾಗುತ್ತವೆ.

ಪೂರ್ಣ ಎಚ್‌ಡಿ ಚಿತ್ರಕ್ಕೆ ಕೇವಲ 5 ಎಂಬಿಪಿಎಸ್ ಸಾಕಾಗುವುದು ನಿಜವಾಗಿ ಅಚ್ಚರಿಯ ಸಂಗತಿ. 1080 ಪಿ ಚಿತ್ರದ ಒಂದೊಂದು ಚೌಕಟ್ಟಿನಲ್ಲಿಯೂ, ಅಂದರೆ ಒಂದರ ಹಿಂದೊಂದು ಓಡುವ ಸ್ಥಿರಚಿತ್ರಗಳಲ್ಲಿ ಒಂದೊಂದರಲ್ಲಿಯೂ, ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಯ ಬಣ್ಣಕ್ಕೆ 24 ಬಿಟ್‌ನಂತೆ, ಸೆಕೆಂಡಿಗೆ 25 ಚೌಕಟ್ಟುಗಳಂತೆ ಗುಣಿಸಿದರೆ ಸೆಕೆಂಡಿಗೆ ಸುಮಾರು 1,244 ಮೆಗಾಬಿಟ್ ಆಗುತ್ತದೆ. ಅಷ್ಟನ್ನೂ ಹಾಗೆಯೇ ಕಳಿಸುವುದಾದರೆ ಇಂದಿನ ಸಾಮಾನ್ಯ ಮನೆಯ ಸಂಪರ್ಕ ಸಾಲದು. ನಮಗೆ ತಲುಪುವುದು ಅದರ ಇನ್ನೂರೈವತ್ತರಲ್ಲಿ ಒಂದು ಭಾಗ ಮಾತ್ರ. ಒಂದು ಚೌಕಟ್ಟಿನಿಂದ ಮುಂದಿನ ಚೌಕಟ್ಟಿಗೆ ಏನು ಬದಲಾಗಿದೆಯೋ ಅಷ್ಟನ್ನೇ ಕಳಿಸುವುದು, ಚಲಿಸಿದ ಭಾಗವನ್ನು ಹೊಸದಾಗಿ ಬಿಡಿಸುವ ಬದಲು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ತಿಳಿಸುವುದು, ಕಣ್ಣಿಗೆ ಗೊತ್ತಾಗದ ಸೂಕ್ಷ್ಮ ವಿವರಗಳನ್ನು ಕೈಬಿಡುವುದು ಇವೇ ಮುಖ್ಯ ಉಪಾಯಗಳು. 2003ರಲ್ಲಿ ಬಂದ ಎಚ್.264 ಎಂಬ ಸಂಕುಚನ ಕ್ರಮ ಈ ಕೆಲಸವನ್ನು ವ್ಯಾಪಕವಾಗಿ ಸಾಧ್ಯವಾಗಿಸಿತು. 2013ರ ಎಚ್‌ಇವಿಸಿ ಸರಿಸುಮಾರು ಅದರ ಅರ್ಧದಷ್ಟು ಬಿಟ್‌ಗಳಲ್ಲಿ ಅದೇ ಗುಣಮಟ್ಟ ಕೊಡುವ ಗುರಿಯಿಂದ ರೂಪುಗೊಂಡಿತು. 2018ರಲ್ಲಿ ಬಂದ ಎವಿ1 ಇನ್ನೂ ಮಿತವ್ಯಯಿ. ಹೊಸ ಟಿ.ವಿ. ಹಳೆಯ ಟಿ.ವಿ.ಗಿಂತ ಕಡಿಮೆ ವೇಗದಲ್ಲಿ ಒಳ್ಳೆಯ ಚಿತ್ರ ತೋರಿಸುವುದಕ್ಕೆ ಕಾರಣ ಅದರ ಪರದೆ ಮಾತ್ರವಲ್ಲ, ಹೊಸ ಸಂಕುಚನ ಕ್ರಮವನ್ನು ಬಿಡಿಸಬಲ್ಲ ಅದರೊಳಗಿನ ಚಿಪ್ ಕೂಡ.

ಬದಲಾವಣೆಯನ್ನು ಮಾತ್ರ ಕಳಿಸುವ ಈ ಪದ್ಧತಿಯಿಂದಾಗಿ ಎಲ್ಲ ಕಾರ್ಯಕ್ರಮಗಳ ಹಸಿವೂ ಒಂದೇ ಅಲ್ಲ. ಇಬ್ಬರು ಎದುರುಬದುರು ಕುಳಿತು ಮಾತನಾಡುವ ಧಾರಾವಾಹಿಯ ದೃಶ್ಯದಲ್ಲಿ ಗೋಡೆ, ಸೋಫಾ, ಪರದೆಗಳು ಕದಲುವುದಿಲ್ಲ. ಅಂಥ ದೃಶ್ಯ ಬಹಳ ಅಗ್ಗ. ದಸರೆಯ ಜಂಬೂ ಸವಾರಿಯ ನೇರಪ್ರಸಾರವನ್ನು ತೆಗೆದುಕೊಳ್ಳಿ: ಇಕ್ಕೆಲದಲ್ಲಿ ಅಲುಗಾಡುವ ಸಾವಿರಾರು ತಲೆಗಳು, ಗಾಳಿಯಲ್ಲಿ ತೂರುವ ಹೂವಿನ ಎಸಳು, ಸಾಗುವ ಆನೆ, ಜೊತೆಗೆ ತಿರುಗುವ ಕ್ಯಾಮೆರಾ. ಹಿಂದಿನ ಚೌಕಟ್ಟಿನಿಂದ ಉಳಿಸಿಕೊಳ್ಳಬಹುದಾದದ್ದು ಅಲ್ಲಿ ತೀರ ಕಡಿಮೆ. ಕ್ರಿಕೆಟ್‌ನದೂ ಇದೇ ಪಾಡು. ಆದ್ದರಿಂದ ಧಾರಾವಾಹಿ ಸ್ವಚ್ಛವಾಗಿ ಬಂದ ಸಂಪರ್ಕದಲ್ಲಿಯೇ ಪಂದ್ಯ ಮಸುಕಾಗಿ ಕಂಡರೆ ಟಿ.ವಿ. ಕೆಟ್ಟಿದೆ ಎಂದು ಭಾವಿಸಬೇಕಿಲ್ಲ.

ಮಸುಕಾಗುವುದು ಮತ್ತು ನಿಂತುಹೋಗುವುದು ಬೇರೆ ಬೇರೆ ರೋಗದ ಲಕ್ಷಣಗಳು. ಈ ವ್ಯತ್ಯಾಸವನ್ನು ಗಮನಿಸುವವರು ಕಡಿಮೆ. ಇಂದಿನ ವೇದಿಕೆಗಳು ಒಂದೇ ಚಿತ್ರವನ್ನು ಬೇರೆ ಬೇರೆ ಗುಣಮಟ್ಟಗಳಲ್ಲಿ ಸಿದ್ಧಪಡಿಸಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಇಟ್ಟಿರುತ್ತವೆ. ಆಪಲ್ 2009ರಲ್ಲಿ ಹೊರತಂದ ಎಚ್‌ಎಲ್‌ಎಸ್, ಬಳಿಕ 2012ರಲ್ಲಿ ಮಾನಕವಾದ ಡ್ಯಾಶ್, ಎರಡರ ಕ್ರಮವೂ ಇದೇ. ನಿಮ್ಮ ಟಿ.ವಿ.ಯಲ್ಲಿರುವ ಆ್ಯಪ್ ಪ್ರತಿ ತುಣುಕನ್ನು ತರಿಸಿಕೊಂಡಾಗಲೂ ಅದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆದು, ಮುಂದಿನ ತುಣುಕನ್ನು ಮೇಲಿನ ಗುಣಮಟ್ಟದ್ದು ಕೇಳಬೇಕೇ, ಕೆಳಗಿನದು ಕೇಳಬೇಕೇ ಎಂದು ತೀರ್ಮಾನಿಸುತ್ತದೆ. ಜೊತೆಗೆ ಒಂದಷ್ಟು ತುಣುಕುಗಳನ್ನು ಮುಂಗಡವಾಗಿ ಸಂಗ್ರಹಿಸಿಕೊಳ್ಳುತ್ತದೆ. ಸಂಪರ್ಕದ ಸರಾಸರಿ ವೇಗವೇ ಕಡಿಮೆಯಿದ್ದರೆ ಚಿತ್ರ ಮಸುಕಾಗುತ್ತದೆ, ಆದರೆ ನಿಲ್ಲದೆ ಓಡುತ್ತದೆ. ವೇಗ ಚೆನ್ನಾಗಿದ್ದು ನಡುನಡುವೆ ಕೆಲವು ಸೆಕೆಂಡು ಪೂರ್ತಿ ಕುಸಿಯುತ್ತಿದ್ದರೆ, ಆ್ಯಪ್ ಮೇಲಿನ ಗುಣಮಟ್ಟವನ್ನು ನಂಬಿ ಮುಂದುವರಿದು, ಸಂಗ್ರಹ ಬರಿದಾಗಿ ಚಿತ್ರ ನಿಂತುಬಿಡುತ್ತದೆ. ಅಂದರೆ ಸ್ಫುಟವಾಗಿ ಕಾಣುತ್ತಾ ಆಗಾಗ ನಿಲ್ಲುವ ಚಿತ್ರ ಕಡಿಮೆ ವೇಗದ ದೂರಲ್ಲ, ಏರಿಳಿತದ ದೂರು. ಅದಕ್ಕೆ ಹೆಚ್ಚಿನ ಪ್ಲಾನ್ ಮದ್ದಾಗುವುದು ವಿರಳ.

ಗುಣಮಟ್ಟವನ್ನು ಇಳಿಸಿದರೆ ಭಾರ ಎಷ್ಟು ಇಳಿಯುತ್ತದೆ ಎಂಬುದು ಇಡೀ ದೇಶಕ್ಕೆ ಅನುಭವಕ್ಕೆ ಬಂದದ್ದು 2020ರ ಮಾರ್ಚ್‌ನಲ್ಲಿ. ಲಾಕ್‌ಡೌನ್‌ನಿಂದ ಎಲ್ಲರೂ ಮನೆಯಲ್ಲೇ ಉಳಿದಾಗ ಭಾರತದ ಪ್ರಮುಖ ವಿಡಿಯೊ ವೇದಿಕೆಗಳು ಮೊಬೈಲ್ ಜಾಲಗಳಲ್ಲಿ 480 ಪಿಗಿಂತ ಮೇಲಿನ ಗುಣಮಟ್ಟ ಕೊಡುವುದಿಲ್ಲವೆಂದು ಏಪ್ರಿಲ್ 14ರವರೆಗೆ ಒಪ್ಪಿಕೊಂಡವು. ಜಾಲ ತಡೆದುಕೊಂಡಿತು, ಸಣ್ಣ ಪರದೆಯಲ್ಲಿ ನೋಡುತ್ತಿದ್ದ ಬಹಳ ಮಂದಿಗೆ ವ್ಯತ್ಯಾಸವೇ ತಿಳಿಯಲಿಲ್ಲ ಎಂದು ನನ್ನ ಅನಿಸಿಕೆ.

ಇಲ್ಲಿ ಪಕ್ಕದ ಮೈಸೂರಿನ ಒಂದು ಹಳೆಯ ಸಂಗತಿಯನ್ನು ನೆನೆಯುವುದು ವಿಷಯಾಂತರವಾಗದು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆ ಪ್ರಸಾರವನ್ನು ಹತ್ತು ಮನೆಯವರು ಕೇಳಿದರೂ, ಸಾವಿರ ಮನೆಯವರು ಕೇಳಿದರೂ ಪ್ರೇಷಕದ ಮೇಲೆ ಬೀಳುವ ಭಾರ ಒಂದೇ. ಡಿಟಿಎಚ್ ಉಪಗ್ರಹದ ಮಟ್ಟಿಗೂ ಈ ಮಾತು ನಿಜ. ಇಂಟರ್ನೆಟ್ ವಿಡಿಯೊ ಹಾಗಲ್ಲ. ಒಂದೇ ಪಂದ್ಯವನ್ನು ಒಂದೇ ಬೀದಿಯ ಇಪ್ಪತ್ತು ಮನೆಗಳು ಒಂದೇ ಹೊತ್ತಿನಲ್ಲಿ ನೋಡುತ್ತಿದ್ದರೂ ಪ್ರತಿ ಮನೆಗೆ ಪ್ರತ್ಯೇಕ ಪ್ರತಿಯೊಂದು ಹರಿದುಬರಬೇಕು. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್‌ ಅನ್ನು ಹಾಟ್‌ಸ್ಟಾರ್‌ನಲ್ಲಿ ಒಂದು ಘಳಿಗೆಯಲ್ಲಿ 5.9 ಕೋಟಿ ಮಂದಿ ಏಕಕಾಲಕ್ಕೆ ನೋಡಿದರು. ತಲೆಗೆ ಕೇವಲ 2 ಎಂಬಿಪಿಎಸ್ ಎಂದು ಹಿಡಿದರೂ ಅದು 11.8 ಕೋಟಿ ಎಂಬಿಪಿಎಸ್ ಆಗುತ್ತದೆ. ಇಷ್ಟನ್ನು ಒಂದೇ ಜಾಗದಿಂದ ಕಳಿಸಲಾಗದು. ಆದ್ದರಿಂದಲೇ ವೇದಿಕೆಗಳು ತಮ್ಮ ಚಿತ್ರಗಳ ಪ್ರತಿಗಳನ್ನು ವೀಕ್ಷಕರಿಗೆ ಸಮೀಪದ ನಗರಗಳ ಸರ್ವರ್‌ಗಳಲ್ಲಿ, ಕೆಲವೊಮ್ಮೆ ಇಂಟರ್ನೆಟ್ ಕಂಪನಿಗಳ ಕೇಂದ್ರಗಳೊಳಗೇ ಇರಿಸುತ್ತವೆ. ಹಳೆಯ ಜನಪ್ರಿಯ ಸಿನಿಮಾ ತಕ್ಷಣ ಶುರುವಾಗಿ, ಯಾರೂ ನೋಡದ ವಿಡಿಯೊವೊಂದು ಅದೇ ಮನೆಯಲ್ಲಿ ತಡವರಿಸುವುದಕ್ಕೆ ಇದೂ ಒಂದು ಕಾರಣ. ತುಣುಕುಗಳಾಗಿ ಕತ್ತರಿಸಿ ಕಳಿಸುವ ಕ್ರಮದಿಂದ ನೇರಪ್ರಸಾರ ಹತ್ತಾರು ಸೆಕೆಂಡು ಹಿಂದೆ ಬೀಳುವುದೂ ಉಂಟು. ಡಿಟಿಎಚ್ ಇರುವ ಪಕ್ಕದ ಮನೆಯಲ್ಲಿ ಕೂಗು ಎದ್ದ ಮೇಲೆ ನಿಮ್ಮ ಟಿ.ವಿ.ಯಲ್ಲಿ ಬೌಲರ್ ಓಡಲಾರಂಭಿಸಿದರೆ, ಅದನ್ನು ಯಾವ ಪ್ಲಾನೂ ಸರಿಪಡಿಸಲಾರದು.

ಈಗ ಸಂಜೆಯ ವಿಚಾರಕ್ಕೆ ಬರುತ್ತೇನೆ. ಮಂಡ್ಯದ ಸಭಿಕರಿಗೆ ಇದನ್ನು ವಿವರಿಸಲು ವಿಶ್ವೇಶ್ವರಯ್ಯ ನಾಲೆಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ನಾಲೆಯಲ್ಲಿ ನೀರು ಎಷ್ಟು ಬಿಟ್ಟರೂ ಮೇಲಿನವರೆಲ್ಲ ಒಟ್ಟಿಗೆ ತೂಬು ಎತ್ತಿದಾಗ ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗದ ರೈತನ ಗದ್ದೆಗೆ ಎಷ್ಟು ಬರುತ್ತದೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಫೈಬರ್‌ನಲ್ಲಿಯೂ ಹಂಚಿಕೆ ಇದೆ. ಈಗ ನಮ್ಮ ಮನೆಗಳಿಗೆ ಬರುತ್ತಿರುವ ಫೈಬರ್ ಸಂಪರ್ಕಗಳಲ್ಲಿ ಹೆಚ್ಚಿನವು ಜಿಪಾನ್ ಎಂಬ ವ್ಯವಸ್ಥೆಯವು. ಅದರಲ್ಲಿ ಕೇಂದ್ರದಿಂದ ಹೊರಡುವ ಒಂದು ಎಳೆಯನ್ನು ವಿದ್ಯುತ್ತಿನ ಹಂಗಿಲ್ಲದ ಸ್ಪ್ಲಿಟರ್‌ಗಳ ಮೂಲಕ 32 ಅಥವಾ 64 ಮನೆಗಳಿಗೆ ಕವಲೊಡೆಸಲಾಗುತ್ತದೆ. ಆ ಎಳೆಯ ಒಟ್ಟು ಸಾಮರ್ಥ್ಯ ಇಳಿಮುಖವಾಗಿ, ಅಂದರೆ ಮನೆಗಳ ಕಡೆಗೆ, ಸುಮಾರು 2,488 ಎಂಬಿಪಿಎಸ್; ಏರುಮುಖವಾಗಿ, ಅಂದರೆ ಮನೆಗಳಿಂದ ಕೇಂದ್ರದ ಕಡೆಗೆ, ಅದರ ಅರ್ಧ. 64 ಮನೆಗಳೂ ಒಂದೇ ಕ್ಷಣದಲ್ಲಿ ಪೂರ್ತಿ ವೇಗ ಬಯಸಿದರೆ ತಲಾ ಪಾಲು 39 ಎಂಬಿಪಿಎಸ್ ಆಸುಪಾಸು. 32 ಮನೆಗಳಾದರೆ ಅದರ ಎರಡರಷ್ಟು. ಅವರೆಲ್ಲರಿಗೂ 100 ಎಂಬಿಪಿಎಸ್ ಪ್ಲಾನ್ ಮಾರಿರುವುದು ಮೋಸವಲ್ಲವೇ ಎಂದರೆ, ಅಲ್ಲ. ಎಲ್ಲರೂ ಒಂದೇ ಕ್ಷಣದಲ್ಲಿ ಕೇಳುವುದಿಲ್ಲ ಎಂಬ ಭರವಸೆಯ ಮೇಲೆಯೇ ಮನೆಬಳಕೆಯ ದರ ಕೈಗೆಟಕುವಂತಿದೆ. ಎಲ್ಲರೂ ಒಟ್ಟಿಗೆ 4ಕೆ ಚಿತ್ರ ನೋಡಿದರೂ ತಲಾ 20ರಂತೆ ಈ ಎಳೆ ತಡೆದುಕೊಳ್ಳುತ್ತದೆ ಎಂಬುದನ್ನೂ ಗಮನಿಸಿ.

ಹಾಗಾದರೆ ಸಂಜೆಯ ಕುಸಿತ ಎಲ್ಲಿಂದ? ಬಹಳಷ್ಟು ಸಲ ಅದು ಬೀದಿಯ ಎಳೆಯಲ್ಲಲ್ಲ, ಅದರ ಹಿಂದೆ, ಸ್ಥಳೀಯ ಸೇವಾದಾರ ಮೇಲಿನ ದೊಡ್ಡ ಕಂಪನಿಯಿಂದ ಸಗಟಾಗಿ ಕೊಂಡಿರುವ ಸಾಮರ್ಥ್ಯದಲ್ಲಿ ಹುಟ್ಟುತ್ತದೆ. ಚಂದಾದಾರರು ಹೆಚ್ಚಿದಂತೆ ಅದನ್ನು ಹೆಚ್ಚಿಸದವರ ಜಾಲದಲ್ಲಿ ಊಟದ ಹೊತ್ತಿಗೆ ಎಲ್ಲರ ಪಾಲೂ ಕುಗ್ಗುತ್ತದೆ. ನಾಲೆಯ ಹೋಲಿಕೆ ತಪ್ಪುವ ಒಂದು ಜಾಗವನ್ನೂ ಹೇಳಬೇಕು: ಫೈಬರ್‌ನಲ್ಲಿ ಕೊನೆಯ ಮನೆಯವನಿಗೆ ದೂರದ ಕಾರಣದಿಂದ ಕಡಿಮೆ ಬರುವುದಿಲ್ಲ, ಕೆಲವು ಕಿಲೋಮೀಟರ್ ಹೆಚ್ಚಾದರೂ ವೇಗ ಅದೇ. ಹಳೆಯ ದೂರವಾಣಿಯ ತಾಮ್ರದ ತಂತಿಯಲ್ಲಿ ಹಾಗಿರಲಿಲ್ಲ. ಬಿಎಸ್‌ಎನ್‌ಎಲ್ 2005ರಲ್ಲಿ ಡೇಟಾಒನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದ ಕಾಲದ ಆ ತಂತ್ರದಲ್ಲಿ ಎಕ್ಸ್‌ಚೇಂಜಿನಿಂದ ದೂರ ಹೋದಂತೆ ವೇಗ ಸೋರಿಹೋಗುತ್ತಿತ್ತು. ಹೋಲಿಕೆ ಅನಿರೀಕ್ಷಿತವಾಗಿ ಹೊಂದುವ ಜಾಗವೂ ಒಂದಿದೆ. ಜಿಪಾನ್‌ನಲ್ಲಿ ಮನೆಗಳಿಂದ ಕೇಂದ್ರದ ಕಡೆಗೆ ಹೋಗುವ ಸಂಕೇತಗಳು ಒಂದೇ ಎಳೆಯಲ್ಲಿ ಡಿಕ್ಕಿಯಾಗದಂತೆ, ಕೇಂದ್ರದ ಉಪಕರಣ ಪ್ರತಿ ಮನೆಗೆ ಸರದಿ ಗೊತ್ತುಮಾಡುತ್ತದೆ. ನಿಮ್ಮ ಮನೆಯ ಪೆಟ್ಟಿಗೆ ತನ್ನ ಸರದಿ ಬಂದಾಗ ಮಾತ್ರ ಮಾತನಾಡುತ್ತದೆ. ನಾಲೆಯ ನೀರನ್ನು ಸರದಿಯಂತೆ ಬಿಡುವ ನಮ್ಮ ಕಟ್ಟು ಪದ್ಧತಿಯೇ ಅದು, ಸೆಕೆಂಡಿನ ಅತಿ ಸಣ್ಣ ಭಾಗಗಳಲ್ಲಿ ನಡೆಯುತ್ತದೆ ಅಷ್ಟೆ.

ಏರುಮುಖದ ಮಾತು ಬಂದದ್ದರಿಂದ ಒಂದು ಸಾಮಾನ್ಯ ತೊಂದರೆಯನ್ನು ಇಲ್ಲೇ ಹೇಳುತ್ತೇನೆ. ಮದುವೆ ಮುಗಿಸಿ ಮನೆಗೆ ಬಂದ ರಾತ್ರಿ ನಾಲ್ಕಾರು ಫೋನುಗಳು ವೈಫೈ ಸಿಕ್ಕ ಕೂಡಲೇ ನೂರಾರು ಫೋಟೊ, ವಿಡಿಯೊಗಳನ್ನು ತಾವಾಗಿ ಮೇಲಕ್ಕೆ ಕಳಿಸತೊಡಗುತ್ತವೆ. ಕೆಳಗಿಳಿಯುವ ಪ್ರತಿ ತುಣುಕಿಗೂ ತಲುಪಿತು ಎಂಬ ಸಣ್ಣ ರಸೀದಿ ಮೇಲಕ್ಕೆ ಹೋಗಲೇಬೇಕು. ಮೇಲಿನ ದಾರಿ ಫೋಟೊಗಳಿಂದ ತುಂಬಿದಾಗ ರಸೀದಿಗಳು ರೌಟರ್‌ನಲ್ಲೇ ಸರದಿಯಲ್ಲಿ ನಿಲ್ಲುತ್ತವೆ. ರಸೀದಿ ತಡವಾದರೆ ಕಳಿಸುವ ಸರ್ವರ್ ತನ್ನ ವೇಗ ತಗ್ಗಿಸುತ್ತದೆ. ಇಳಿಮುಖದ ದಾರಿ ಖಾಲಿಯಿದ್ದರೂ ಟಿ.ವಿ. ನಿಲ್ಲುತ್ತದೆ. ಪ್ಲಾನ್ ಕೊಳ್ಳುವಾಗ ಅಪ್‌ಲೋಡ್ ವೇಗ ಎಷ್ಟೆಂದು ಕೇಳುವವರು ಅಪರೂಪ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಮಗನೋ ಮಗಳೋ ಇರುವ ಮನೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು. ಸ್ಫುಟವಾದ ವಿಡಿಯೊ ಸಭೆಯೊಂದಕ್ಕೆ ಎರಡೂ ದಿಕ್ಕಿನಲ್ಲಿ 3ರಿಂದ 4 ಎಂಬಿಪಿಎಸ್ ಹಿಡಿದಿಡಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ನಾನು ಕಂಡ ಮಟ್ಟಿಗೆ ಅತಿ ಹೆಚ್ಚು ವೇಗ ನಷ್ಟವಾಗುವುದು ಬೀದಿಯಲ್ಲಲ್ಲ, ಹೊಸ್ತಿಲು ದಾಟಿದ ಮೇಲೆ. ಫೈಬರ್ ಹಾಕಲು ಬಂದವರು ತಂತಿ ಉಳಿಸಲು, ಗೋಡೆ ಕೊರೆಯುವ ಶ್ರಮ ತಪ್ಪಿಸಲು ಎಳೆ ಒಳಬರುವ ಕಿಟಕಿಯ ಪಕ್ಕದಲ್ಲೇ, ಮೀಟರ್ ಬೋರ್ಡಿನ ಬಳಿಯೋ ಸಜ್ಜೆಯ ಮೇಲೋ ರೌಟರ್ ಕೂರಿಸಿ ಹೋಗುತ್ತಾರೆ. ಟಿ.ವಿ. ಇರುವುದು ಎರಡು ಗೋಡೆ ಆಚೆ. ಮೈಸೂರಿನ ಹಳೆಯ ಬಡಾವಣೆಗಳ, ಮಂಡ್ಯ ಸುತ್ತಿನ ಊರುಗಳ ದಪ್ಪ ಗೋಡೆಯ ಮನೆಗಳು ಬೇಸಿಗೆಗೆ ತಂಪು, ವೈಫೈಗೆ ಶತ್ರು. ಕಾಂಕ್ರೀಟ್ ತಾರಸಿಯೊಳಗಿನ ಕಬ್ಬಿಣ, ನಡುವೆ ನಿಂತ ಕಬ್ಬಿಣದ ಬೀರು, ದೊಡ್ಡ ಕನ್ನಡಿ, ಇವು ಇನ್ನೂ ಕೆಟ್ಟವು. ವೈಫೈಗೆ ಸಾಮಾನ್ಯವಾಗಿ ಎರಡು ತರಂಗ ಪಟ್ಟಿಗಳಿವೆ. 2.4 ಗಿಗಾಹರ್ಟ್ಸ್ ಪಟ್ಟಿ ಗೋಡೆಗಳನ್ನು ತುಸು ಚೆನ್ನಾಗಿ ದಾಟುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ. ಸಾಲುಮನೆಗಳ ಬೀದಿಯಲ್ಲಿ ಹತ್ತು ಹದಿನೈದು ರೌಟರ್‌ಗಳು ಆ ಮೂರರಲ್ಲೇ ನುಗ್ಗಿ, ಒಂದು ಮಾತನಾಡುವಾಗ ಉಳಿದವು ಬಾಯಿಮುಚ್ಚಿ ಕಾಯಬೇಕಾಗುತ್ತದೆ. ಬ್ಲೂಟೂತ್ ಸಾಧನಗಳು, ಮೈಕ್ರೋವೇವ್ ಒಲೆ ಕೂಡ ಅದೇ ಪಟ್ಟಿಯಲ್ಲಿ ಸದ್ದು ಮಾಡುತ್ತವೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಜಾಗ ಧಾರಾಳ, ವೇಗ ಹಲವು ಪಟ್ಟು. ಗೋಡೆ ಅಡ್ಡ ಬಂದರೆ ಮಾತ್ರ ಬೇಗ ಸೊರಗುತ್ತದೆ.

ಅಗ್ಗದ ಟಿ.ವಿ.ಗಳಲ್ಲಿ ಅನೇಕವು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು ಎಂಬುದನ್ನು ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ. ಒಂದೇ ಆಂಟೆನಾ ಇರುವ ಅಂಥ ಟಿ.ವಿ. ಮತ್ತು ರೌಟರ್ ನಡುವೆ ಸಾಮಾನ್ಯ ಚಾನೆಲ್ ಅಗಲದಲ್ಲಿ ಒಪ್ಪಂದವಾಗುವ ಗರಿಷ್ಠ ವೇಗ 72 ಎಂಬಿಪಿಎಸ್. ಕೈಗೆ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ. ಗಿಜಿಗುಟ್ಟುವ ಸಂಜೆಯಲ್ಲಿ ಅದು ಹತ್ತಕ್ಕಿಂತ ಕೆಳಗೂ ಇಳಿಯಬಹುದು. ಆ ಟಿ.ವಿ.ಯ ಮನೆಗೆ 300 ಎಂಬಿಪಿಎಸ್ ಪ್ಲಾನ್ ತಂದರೂ ಪರದೆಯ ಮೇಲೆ ಏನೂ ಬದಲಾಗದು. ಇದಕ್ಕೆ ಅತ್ಯುತ್ತಮ ಪರಿಹಾರ ಹಳೆಯದು ಮತ್ತು ಅಗ್ಗದ್ದು: ರೌಟರ್‌ನಿಂದ ಟಿ.ವಿ.ಗೆ ಒಂದು ಲ್ಯಾನ್ ಕೇಬಲ್ ಎಳೆಯುವುದು. ಟಿ.ವಿ.ಗಳ ಲ್ಯಾನ್ ಕಿಂಡಿ ಬಹುಪಾಲು 100 ಎಂಬಿಪಿಎಸ್‌ನದೇ ಆದರೂ 4ಕೆ ಚಿತ್ರಕ್ಕೆ ಅದು ಐದು ಪಟ್ಟು ಸಾಕು, ಮೇಲಾಗಿ ಏರಿಳಿತವೇ ಇಲ್ಲ. ಕೇಬಲ್ ಎಳೆಯಲಾಗದಿದ್ದರೆ ರೌಟರನ್ನು ಮನೆಯ ನಡುವಿಗೆ, ಎದೆಯೆತ್ತರಕ್ಕೆ ತಂದು, ಟಿ.ವಿ.ಯನ್ನು 5 ಗಿಗಾಹರ್ಟ್ಸ್‌ಗೆ ಜೋಡಿಸಬೇಕು. ಮನೆ ಮಹಡಿಯದಾದರೆ ಇನ್ನೊಂದು ರೌಟರ್ ಬೇಕಾಗುತ್ತದೆ. ಅದನ್ನೂ ಸಾಧ್ಯವಾದರೆ ಕೇಬಲ್‌ನಿಂದಲೇ ಜೋಡಿಸಿ. ಅಂಗಡಿಯಲ್ಲಿ ಸಿಗುವ ಅಗ್ಗದ ಸಿಗ್ನಲ್ ಬೂಸ್ಟರ್‌ಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಒಂದೇ ಚಾನೆಲ್‌ನಲ್ಲಿ ಕೇಳಿದ್ದನ್ನು ಮತ್ತೆ ಹೇಳುವ ಅವು ಗೀಟುಗಳನ್ನು ಹೆಚ್ಚಿಸಿ ವೇಗವನ್ನು ಅರ್ಧಕ್ಕೆ ಇಳಿಸುತ್ತವೆ.

ತಪ್ಪು ಎಲ್ಲಿದೆ ಎಂದು ಕಂಡುಕೊಳ್ಳಲು ಪರಿಣತರೇ ಬೇಕಿಲ್ಲ. ರೌಟರ್ ಪಕ್ಕದಲ್ಲಿ ನಿಂತು, ಫೋನನ್ನು 5 ಗಿಗಾಹರ್ಟ್ಸ್‌ಗೆ ಜೋಡಿಸಿ ವೇಗ ಅಳೆಯಿರಿ, ಅನಂತರ ಟಿ.ವಿ. ಪಕ್ಕದಲ್ಲಿ ನಿಂತು ಅಳೆಯಿರಿ. ಎರಡರ ಅಂತರ ನಿಮ್ಮ ಮನೆಯ ಗೋಡೆಗಳದ್ದು, ಅದಕ್ಕೆ ಕಂಪನಿಯನ್ನು ಹೊಣೆಯಾಗಿಸುವಂತಿಲ್ಲ. ರೌಟರ್ ಪಕ್ಕದಲ್ಲೇ ಬೆಳಗಿನ ಆರಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ಅಳೆದಾಗ ಬರುವ ಅಂತರ ಕಂಪನಿಯದು. ಅದನ್ನು ಬರೆದಿಟ್ಟುಕೊಂಡು ದೂರು ಕೊಡಿ. ಅಳೆಯುವ ತಾಣಗಳಲ್ಲೂ ಒಂದು ಸೂಕ್ಷ್ಮವಿದೆ. ಕೆಲವು ತಾಣಗಳು ನಿಮ್ಮ ಕಂಪನಿಯದೇ ಹತ್ತಿರದ ಸರ್ವರ್‌ಗೆ ಜೋಡಿಸಿ ಅಳೆಯುವುದರಿಂದ ಸಂಖ್ಯೆ ಸುಂದರವಾಗಿ ಬರುತ್ತದೆ. ನೆಟ್‌ಫ್ಲಿಕ್ಸ್ 2016ರಲ್ಲಿ ಆರಂಭಿಸಿದ ಫಾಸ್ಟ್ ಡಾಟ್ ಕಾಮ್ ತನ್ನ ಚಿತ್ರಗಳು ಬರುವ ಸರ್ವರ್‌ಗಳಿಂದಲೇ ಅಳೆಯುತ್ತದಾದ್ದರಿಂದ ವಿಡಿಯೊ ನೋಡುವವರಿಗೆ ಅದು ಹೆಚ್ಚು ಪ್ರಾಮಾಣಿಕ.

ವೇಗಕ್ಕೂ ಚಿತ್ರದ ಗುಣಮಟ್ಟಕ್ಕೂ ಸಂಬಂಧವೇ ಇಲ್ಲದ ಸಂದರ್ಭಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನೆಟ್‌ಫ್ಲಿಕ್ಸ್‌ನ ಮೊಬೈಲ್ ಚಂದಾ 480 ಪಿಗೆ, ಬೇಸಿಕ್ ಚಂದಾ 720 ಪಿಗೆ ನಿಲ್ಲುತ್ತದೆ. 4ಕೆ ಸಿಗುವುದು ಪ್ರೀಮಿಯಂ ಚಂದಾದಲ್ಲಿ ಮಾತ್ರ. ನಕಲು ತಡೆಯುವ ವೈಡ್‌ವೈನ್ ವ್ಯವಸ್ಥೆಯ ಎಲ್1 ಮಾನ್ಯತೆ ಇಲ್ಲದ ಫೋನು ಮತ್ತು ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಗಳಿಗೆ ಹಲವು ವೇದಿಕೆಗಳು ಎಚ್‌ಡಿ ಚಿತ್ರವನ್ನೇ ಕೊಡುವುದಿಲ್ಲ. ಇನ್ನು 4ಕೆ ಪರದೆಯ ಮೋಹ: 43 ಅಂಗುಲದ ಟಿ.ವಿ.ಯನ್ನು ಹತ್ತು ಅಡಿ ದೂರದಿಂದ ನೋಡುವವರ ಕಣ್ಣು 1080 ಪಿಯ ಚುಕ್ಕೆಗಳನ್ನೇ ಬೇರ್ಪಡಿಸಿ ಕಾಣಲಾರದು. ಆರು ಅಡಿಯೊಳಗೆ ಕೂತರೆ ಮಾತ್ರ 4ಕೆಯ ಹೆಚ್ಚುವರಿ ಚುಕ್ಕೆಗಳಿಗೆ ಕೆಲಸ ಸಿಗುತ್ತದೆ.

ಲೆಕ್ಕ ಹಾಕೋಣ. ಹಜಾರದಲ್ಲಿ 4ಕೆ ಟಿ.ವಿ.ಗೆ 20, ಕೋಣೆಯ ಟಿ.ವಿ.ಗೆ 5, ಮಗಳ ವಿಡಿಯೊ ಸಭೆಗೆ 4, ಅಜ್ಜಿಯ ಫೋನಿನ ಹರಿಕಥೆಗೆ 2.5; ಎಲ್ಲವೂ ಒಂದೇ ಹೊತ್ತಿನಲ್ಲಿ ನಡೆದರೆ 31.5. ಫೋನುಗಳ ಅಪ್‌ಡೇಟ್, ಸಂಜೆಯ ಕುಸಿತ ಇವಕ್ಕೆಂದು ಅರ್ಧದಷ್ಟು ಸೇರಿಸಿದರೆ 50 ಎಂಬಿಪಿಎಸ್ ಒಳಗೇ ಮುಗಿಯುತ್ತದೆ. ಹಜಾರದ ಟಿ.ವಿ.ಯೂ 1080 ಪಿಯದಾದರೆ 30 ಎಂಬಿಪಿಎಸ್ ಪ್ಲಾನ್ ಸಾಕು. ಇದಕ್ಕಿಂತ ಹೆಚ್ಚು ಕೊಳ್ಳಬಾರದೆಂದು ನಾನು ಹೇಳುವುದಿಲ್ಲ; ದೊಡ್ಡ ಆಟಗಳನ್ನು ಇಳಿಸಿಕೊಳ್ಳುವವರಿಗೆ, ಮನೆಯಲ್ಲೇ ವಿಡಿಯೊ ಸಂಕಲನ ಮಾಡುವವರಿಗೆ ಅದು ಬೇಕು. ಆದರೆ ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚು ಕಟ್ಟುವ ಬದಲು ಅದೇ ಹಣವನ್ನು ಒಮ್ಮೆ ಒಳ್ಳೆಯ ರೌಟರ್‌ಗೋ ಕೇಬಲ್‌ಗೋ ಹಾಕಿದರೆ ವೀಕ್ಷಕರಿಗೆ ಲಾಭ ಹೆಚ್ಚು. ಅನ್‌ಲಿಮಿಟೆಡ್ ಎಂದು ಮಾರುವ ಎಷ್ಟೋ ಫೈಬರ್ ಪ್ಲಾನ್‌ಗಳಿಗೆ ತಿಂಗಳಿಗೆ 3,300 ಜಿಬಿ ಎಂಬ ಮಿತಿ ಸಣ್ಣ ಅಕ್ಷರದಲ್ಲಿರುತ್ತದೆ. ಅದರ ಬಗ್ಗೆ ಚಿಂತೆ ಬೇಡ. ಎರಡು ಟಿ.ವಿ.ಗಳನ್ನು ಮೂವತ್ತು ದಿನ ಹಗಲು ರಾತ್ರಿ ಆರಿಸದೆ 1080 ಪಿಯಲ್ಲಿ ಓಡಿಸಿದರೂ ಅದು ಮುಗಿಯುವುದಿಲ್ಲ.

ಸರ್ಕಾರದ ಮಾನದಂಡ ಮಾತ್ರ ಈ ಲೆಕ್ಕಕ್ಕೆ ಇನ್ನೂ ತಾಳೆಯಾಗಿಲ್ಲ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು 2013ರಿಂದ 512 ಕೆಬಿಪಿಎಸ್, ಅಂದರೆ ಸುಮಾರು ಅರ್ಧ ಎಂಬಿಪಿಎಸ್, ಸಾಕಾಗಿತ್ತು. 2023ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಅದನ್ನು 2 ಎಂಬಿಪಿಎಸ್‌ಗೆ ಏರಿಸಿತು. ಅಂದರೆ ಕಾಗದದ ಮೇಲೆ ಬ್ರಾಡ್‌ಬ್ಯಾಂಡ್ ಇರುವ ಮನೆಯೊಂದರಲ್ಲಿ ಒಂದೇ ಒಂದು ಟಿ.ವಿ.ಗೆ 720 ಪಿ ಚಿತ್ರವೂ ಸರಾಗವಾಗಿ ಬರದಿರಬಹುದು. ಮಕ್ಕಳ ಪಾಠವೂ ವಿಡಿಯೊದಲ್ಲೇ ಬರುವ ಈ ಕಾಲದಲ್ಲಿ 10 ಎಂಬಿಪಿಎಸ್‌ಗಿಂತ ಕಡಿಮೆಯದನ್ನು ಆ ಹೆಸರಿನಿಂದ ಕರೆಯಬಾರದು ಎಂಬುದು ನನ್ನ ಅಭಿಪ್ರಾಯ.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ. ಮನೆಯಲ್ಲಿ ಇನ್ವರ್ಟರ್ ಇದ್ದು ರೌಟರ್ ಉರಿಯುತ್ತಿದ್ದರೂ ಕರೆಂಟ್ ಹೋದಾಗ ನೆಟ್ ಏಕೆ ಹೋಗುತ್ತದೆ ಎಂದು ಒಬ್ಬರು ಕೇಳಿದರು. ಕೆಲವು ಸ್ಥಳೀಯ ಕೇಬಲ್ ಜಾಲಗಳಲ್ಲಿ ಫೈಬರ್ ಬರುವುದು ಬೀದಿಯ ಪೆಟ್ಟಿಗೆಯವರೆಗೆ ಮಾತ್ರ. ಅಲ್ಲಿನ ಸ್ವಿಚ್‌ನಿಂದ ಮನೆಗೆ ಲ್ಯಾನ್ ತಂತಿ ಎಳೆದಿರುತ್ತಾರೆ. ಆ ಸ್ವಿಚ್‌ಗೆ ಬೀದಿಯ ಕರೆಂಟೇ ಆಧಾರ. ಮನೆಯೊಳಗೇ ಫೈಬರ್ ಬರುವ ಜಿಪಾನ್ ಸಂಪರ್ಕದಲ್ಲಿ ದಾರಿಯ ಸ್ಪ್ಲಿಟರ್‌ಗಳಿಗೆ ವಿದ್ಯುತ್ ಬೇಡವಾದ್ದರಿಂದ ನಿಮ್ಮ ಇನ್ವರ್ಟರ್ ಮತ್ತು ಕೇಂದ್ರದ ಬ್ಯಾಟರಿ ಎರಡೇ ಸಾಕು. ಹೊಸ ಸಂಪರ್ಕ ಪಡೆಯುವ ಮುನ್ನ ಮನೆಯೊಳಗೆ ಬರುವುದು ಯಾವ ತಂತಿ ಎಂದು ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಪ್ರಶ್ನೆ ನಾಗಮಂಗಲ ಕಡೆಯಿಂದ ಬಂದಿದ್ದವರದು: ತೋಟದ ಮನೆಗೆ ಯಾರೂ ಫೈಬರ್ ಎಳೆಯಲು ಒಪ್ಪುವುದಿಲ್ಲ, ಏನು ಮಾಡುವುದು? 5ಜಿ ಸಿಗ್ನಲ್ ಇರುವಲ್ಲಿ 2023ರಿಂದ ಸಿಗುತ್ತಿರುವ ಏರ್‌ಫೈಬರ್ ಮಾದರಿಯ ಸೇವೆ, ಅಂದರೆ ತಾರಸಿಯ ಮೇಲೆ ಗ್ರಾಹಕ ಪೆಟ್ಟಿಗೆ ಕೂರಿಸಿ ಟವರ್‌ನಿಂದ ನೇರ ಪಡೆಯುವ ಸಂಪರ್ಕ, ಚಿತ್ರ ನೋಡುವುದಕ್ಕೆ ಸಾಕಷ್ಟು ಒಳ್ಳೆಯದು. ಅಂಥ ಪ್ಲಾನ್‌ಗಳಲ್ಲಿ ತಿಂಗಳಿಗೆ 1,000 ಜಿಬಿ ಮಿತಿ ಸಾಮಾನ್ಯ. ಅದು 4ಕೆಯಲ್ಲಿ ದಿನಕ್ಕೆ ಹತ್ತಿರ ಹತ್ತಿರ ಐದು ಗಂಟೆಗೆ, 1080 ಪಿಯಲ್ಲಿ ಸುಮಾರು ಹದಿನೈದು ಗಂಟೆಗೆ ಸಾಲುತ್ತದೆ. ಬರೀ 4ಜಿ ಇರುವಲ್ಲಿ ದಿನಕ್ಕೆ 1.5 ಜಿಬಿಯ ಮೊಬೈಲ್ ರೀಚಾರ್ಜ್ 1080 ಪಿಯಲ್ಲಿ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಅದನ್ನೇ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ 480 ಪಿಗೆ ಕಟ್ಟಿಹಾಕಿದರೆ ಮೂರು ಗಂಟೆ, ಅಂದರೆ ಒಂದು ಪೂರ್ಣ ಸಿನಿಮಾ ನೋಡಬಹುದು.